ನಾಲ್ಕನೆಯ ಪದರ

ಬೊಮೆಟ್ಟಿನ ಬೆಟ್ಟದಾಸ್ಪತ್ರೆಯಲ್ಲಿ
ಆ ಕಾಯಿಲೆಗೆ ಯಾರೂ ಹೆಸರು ಹೇಳುವುದಿಲ್ಲ.
'ತುತ್ತು ಇಳೀತಿಲ್ಲ' ಅಂದರೆ ಸಾಕು,
ಬೆಂಚಿನವರು ಸರಿದು ಜಾಗ ಕೊಡುತ್ತಾರೆ.

ತಾಪ್ರಂದಿಚ್‌ಗೂ ಕೊಟ್ಟರು.
ಐವತ್ನಾಲ್ಕು. ಬೆರಳ ತುದಿಯಲ್ಲಿ
ಇಪ್ಪತ್ತಾರು ವರ್ಷದ ಚಹಾ ಚಿಗುರಿನ ಕಪ್ಪು.
ಮೊದಲು ನಿಂತದ್ದು ಜೋಳದ ಮುದ್ದೆ, ಆಮೇಲೆ ಸೊಪ್ಪು,
ಈಗ ಚಹಾ ಕೂಡ ಎದೆಯ ನಡುವೆ
ಬಾಗಿಲು ತಟ್ಟಿ ಕಾಯುತ್ತದೆ.
(ಅಕ್ಕಿ ಕಾಣುವುದೇ ಕ್ರಿಸ್‌ಮಸ್ಸಿಗೆ ಅವಳ ಮನೆಯಲ್ಲಿ;
ಆದರೂ ಅನ್ನನಾಳ ಎನ್ನದೆ ನನಗೆ ಬೇರೆ ಮಾತಿಲ್ಲ.)

ಕತ್ತಲ ಕೋಣೆಯ ಜೋಯೆಲ್ ಲಂಗಾಟ್
ಬೇರಿಯಂ ಕಲಸಿ ಲೋಟ ಕೈಗಿಟ್ಟ.
'ಮುರ್ಸಿಕ್ಕಾ ಇದು? ಇದ್ದಿಲೇ ಹಾಕಿಲ್ಲವಲ್ಲ,'
ಸೋರೆಬುರುಡೆಯ ಹುಳಿಹಾಲು ನೆನೆದು ಅಂದಳು.
ಅವನು ನಗಲಿಲ್ಲ.
'ಬಾಯಲ್ಲಿಟ್ಟುಕೊಳ್ಳಿ. ನುಂಗಬೇಡಿ.
ಹಾಂ, ಈಗ.'

ಒಂಬತ್ತು ವರ್ಷ, ಇದೇ ಮೂರು ಮಾತು.
ಬಿಳಿ ಇಳಿಯುವ ಮೊದಲೇ ಅವನ ಕಣ್ಣು
ಹುಡುಕುವುದು ಆ ಒಂದು ಆಕಾರ:
ಇಲಿ ಕಡಿದಂಥ ಅಂಚು,
ತಿಂದೆಸೆದ ತೆನೆಯ ದಿಂಡಿನ ಹಾಗೆ ಸಣ್ಣಗಾದ ದಾರಿ.

ಬಿಳಿ ಇಳಿಯಿತು. ನಿಂತಿತು.
ಹೊಳೆ ಬಂಡೆ ಬಳಸುವಂತೆ ಪಕ್ಕಕ್ಕೆ ಜಾರಿ
ಕೆಳಗಿಳಿಯಿತು.
ಹರಿದಿಲ್ಲ, ಕಚ್ಚಿಲ್ಲ.
ಕಂಬಳಿಯಡಿ ಯಾರೋ ಬಚ್ಚಿಟ್ಟ
ಕೋಳಿಮೊಟ್ಟೆಯ ಉಬ್ಬು, ನುಣ್ಣನೆ ಇಳಿಜಾರು.

ಲಂಗಾಟ್ ನಂಬಲಿಲ್ಲ.
ಕೆಟ್ಟ ಸುದ್ದಿಗೆ ಒಂದು ಚಿತ್ರ ಸಾಕು ಈ ಕೋಣೆಯಲ್ಲಿ,
ಒಳ್ಳೆಯದಕ್ಕೆ ಸಾಕ್ಷಿ ಜಾಸ್ತಿ ಬೇಕು.
ಇನ್ನೊಂದು ಗುಟುಕು. ಎಡಕ್ಕೆ ತಿರುಗಿ. ಮತ್ತೊಂದು.
ನಾಲ್ಕನೆಯ ಸಲ ರೇಗಿದಳು:
'ಸಾಯೋಳಿಗೆ ಎಷ್ಟು ಫೋಟೋ?'

ಉತ್ತರ ಅವನದಲ್ಲ.
ನೆರಳು ಅವನದು, ಹೆಸರು ಡಾಕ್ಟರರದು.

ಎಲ್ಡೊರೆಟ್‌ಗೆ ಮಟಾಟುವಿನಲ್ಲಿ ನಾಲ್ಕು ಗಂಟೆ,
ಮೊಣಕಾಲ ಮೇಲೆ ಯಾರದೋ ಕೋಳಿ.
ಸಿ.ಟಿ.ಯ ದುಂಡು ಬಾಯಿ ಅವಳನ್ನು ಒಳಗೆಳೆದು, ಉಗುಳಿ,
ಹೋಳು ಹೋಳಾಗಿ ತೋರಿಸಿತು:
ಹೃದಯದ ಬೆನ್ನಿಗೆ ಒರಗಿ ಒಂದು ಬೂದು ಉಂಡೆ.
ಸುತ್ತ ಒಂದು ಗಂಟೂ ಊದಿಲ್ಲ.
ಅಷ್ಟೇ. ಯಾವುದರದು ಎಂದು ಹೇಳಲಿಲ್ಲ.

ಅದಕ್ಕೆ ನೈರೋಬಿ. ಅದಕ್ಕೆ ಮೈದುನನ ಸಾಲ.
ಬಾವಲಿಯಂತೆ ಸದ್ದಿನಲ್ಲೇ ನೋಡುವ ಕೊಳವೆ
ಅವಳ ಒಳಗಿಳಿಯಿತು.
ಪರದೆಯ ಮೇಲೆ ಗೋಡೆಯ ಪದರಗಳು:
ಬಿಳಿ, ಕಪ್ಪು, ಬಿಳಿ, ಕಪ್ಪು, ಬಿಳಿ.
ನಾಲ್ಕನೆಯದರಲ್ಲಿ, ಸ್ನಾಯುವಿನ ಕಪ್ಪಿನಲ್ಲಿ,
ಅಲ್ಲೇ ಹುಟ್ಟಿದ್ದರಂತೆ ತಣ್ಣಗೆ ಕೂತಿತ್ತು.
ಮೇಲಿನ ತೊಗಲು ಇಡಿಯಾಗಿ ಇತ್ತು.

ಕಲಿಯಲು ಬಂದ ಹುಡುಗ ಚಿಮಟ ಎತ್ತಿಕೊಂಡ.
ಡಾಕ್ಟರ್ ವಾಂಜಾ ಮುಟಿಸೊ ಅವನ ಮಣಿಕಟ್ಟು ಹಿಡಿದಳು:
'ಚಿವುಟಬೇಡ.
ಚಿವುಟಿದರೆ ಕಲೆ ಕಟ್ಟಿ ಅಂಟಿಕೊಳ್ಳುತ್ತದೆ,
ನಾಳೆ ಬಿಡಿಸುವವರಿಗೆ ಸಲೀಸಾಗಿ ಬರುವುದಿಲ್ಲ.'
ಬದುಕಿಡೀ ಚಿವುಟಿದವಳು
ಬಾಯಲ್ಲಿ ಕೊಳವೆ ಕಚ್ಚಿ ಮಲಗಿದ್ದಳು, ಮಂಪರಿನಲ್ಲಿ.

ಊರಿಗೆ ಬಂದಾಗ
ತಂಗಿ ಆಗಲೇ ಕಂದು ಕಡಸನ್ನು
ತನ್ನ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಿದ್ದಳು.
ಅದನ್ನು ವಾಪಸ್ ತರುವುದೇ
ಆಪರೇಷನ್ನಿಗಿಂತ ದೊಡ್ಡ ಕೆಲಸವಾಯಿತು.

ಮಡಚಿ ಮಡಚಿ ಮೆತ್ತಗಾದ ಕಾಗದ
ಲಂಗಾಟನ ಕೈಗೂ ಬಂತು.
ಲಿಯೊಮಯೋಮ. ಗಟ್ಟಿಯಾಗಿ ಓದಿದ.
ಇನ್ನೊಮ್ಮೆ ಓದಿದ; ನಾಲಗೆಗೆ ರೂಢಿಯಿಲ್ಲ.
ಹೊರಗೆ ಬೆಂಚಿನಲ್ಲಿ
ಯಾರಿಗೋ ಜಾಗ ಬಿಡುವ ಸದ್ದು.

ಮೂವತ್ತೊಂದರ ಹುಡುಗ. ಶಾಲೆಯ ಮೇಷ್ಟ್ರು,
ಜೇಬಿನಲ್ಲಿ ಸೀಮೆಸುಣ್ಣ.
'ಬಾಯಲ್ಲಿಟ್ಟುಕೊಳ್ಳಿ. ಈಗ.'
ಬಿಳಿ ಇಳಿಯಿತು,
ಇಲಿ ಕಡಿದ ಅಂಚಿನಲ್ಲಿ ನೂಲಾಯಿತು.

'ಇನ್ನೊಂದು ಗುಟುಕು,' ಅಂದ ಲಂಗಾಟ್.
'ಎಡಕ್ಕೆ ತಿರುಗಿ. ಮತ್ತೊಂದು.'
ಒಂದೇ ಸಾಕಿತ್ತು.